ನೆಲದ ನಡುಕದ ದಫ್ತರ

ಭೂಕಂಪಶಾಸ್ತ್ರವು ಒಬ್ಬ ವಿದ್ವಾಂಸನು ಒಂದೇ ಊರಿನಲ್ಲಿ ಕುಳಿತು ನಡೆಸಬಹುದಾದ ವಿದ್ಯೆಯಲ್ಲ. ನೆಲದ ಆಳದಲ್ಲಿ ಬಂಡೆ ಬಿರಿದಾಗ ಹೊರಡುವ ಅಲೆಗಳಲ್ಲಿ ಬಂಡೆಯನ್ನು ಒತ್ತುತ್ತ ಸಡಿಲಿಸುತ್ತ ಸಾಗುವ ‘ಪಿ’ ಅಲೆ ಮೊದಲು ಬಂದು ಮುಟ್ಟಿದರೆ, ಬಂಡೆಯನ್ನು ಅಡ್ಡಡ್ಡಲಾಗಿ ಅಲುಗಿಸುವ ‘ಎಸ್’ ಅಲೆ ಅದರ ಹಿಂದೆ ಬರುತ್ತದೆ; ಇವೆರಡರ ನಡುವಣ ಹೊತ್ತಿನಿಂದ ಕಂಪನದ ಮೂಲ ಎಷ್ಟು ದೂರದಲ್ಲಿದೆ ಎಂಬುದು ಗೊತ್ತಾಗುತ್ತದೆ, ಆದರೆ ಅದು ಇರುವ ಜಾಗವನ್ನು ಖಚಿತವಾಗಿ ಗುರುತಿಸಲು ಬೇರೆ ಬೇರೆ ಕಡೆಯ ಠಾಣೆಗಳ ಲೆಕ್ಕವನ್ನು ಕೂಡಿಸಿ ನೋಡಲೇಬೇಕು. ಆದುದರಿಂದ ಈ ಶಾಸ್ತ್ರದ ಚರಿತ್ರೆಯು ಉಪಕರಣಗಳ ಚರಿತ್ರೆಯಾಗಿರುವಷ್ಟೇ ದಾಖಲೆಗಳನ್ನು ಹಂಚಿಕೊಂಡ ಪದ್ಧತಿಯ ಚರಿತ್ರೆಯೂ ಆಗಿದೆ. ಇಂದು ಅಮೆರಿಕದಲ್ಲಿ ಭೂಭೌತಶಾಸ್ತ್ರದ ಸಂಶೋಧನೆಗೂ ಬೋಧನೆಗೂ ಆಸರೆಯಾಗಿರುವ, ಲಾಭದ ಉದ್ದೇಶವಿಲ್ಲದ ಅರ್ತ್‌ಸ್ಕೋಪ್ ಒಕ್ಕೂಟವು ಆ ಪದ್ಧತಿಯಿಂದಲೇ ಹುಟ್ಟಿದ ಸಂಸ್ಥೆ.

ಪದ್ಧತಿಯ ಬೇರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿದೆ. ಜಪಾನಿನಲ್ಲಿ ಅನೇಕ ವರ್ಷ ಅಧ್ಯಾಪಕನಾಗಿದ್ದ ಜಾನ್ ಮಿಲ್ನ್ ಇಂಗ್ಲೆಂಡಿಗೆ ಮರಳಿದ ಮೇಲೆ ತಾನು ರೂಪಿಸಿದ ಕಂಪನಮಾಪಕಗಳನ್ನು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಇರಿಸುವಂತೆ ಮಾಡಿ, ಅವುಗಳಿಂದ ಬಂದ ವರದಿಗಳನ್ನು ವೈಟ್ ದ್ವೀಪದ ತನ್ನ ಮನೆಯಲ್ಲಿ ಕಲೆಹಾಕತೊಡಗಿದನು. ಮುಂಬೈ, ಕಲ್ಕತ್ತ ಮತ್ತು ಕೊಡೈಕನಾಲ್‌ಗಳಿಗೂ ಅವನ ಯಂತ್ರಗಳು ಬಂದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಸೇವೆ ಸಲ್ಲಿಸಿ, 1897ರ ಅಸ್ಸಾಂ ಭೂಕಂಪವನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದ ಆರ್. ಡಿ. ಓಲ್ಡಮ್ 1906ರಲ್ಲಿ ಭೂಮಿಗೆ ಒಂದು ಗರ್ಭವಿದೆ ಎಂದು ತೋರಿಸಿಕೊಟ್ಟದ್ದು ಹೀಗೆ ದೂರದೂರದ ಠಾಣೆಗಳಲ್ಲಿ ದಾಖಲಾದ ಅಲೆಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ.

ಆಮೇಲಿನ ದೊಡ್ಡ ನೂಕು ಬಂದದ್ದು ವಿಜ್ಞಾನದಿಂದಲ್ಲ, ಬಾಂಬಿನಿಂದ. ನೆಲದಡಿಯ ಪರಮಾಣು ಪರೀಕ್ಷೆಯನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಅಮೆರಿಕ ಸರಕಾರವು 1960ರ ದಶಕದ ಆರಂಭದಲ್ಲಿ ಸುಮಾರು 60 ದೇಶಗಳಲ್ಲಿ 120ರಷ್ಟು ಠಾಣೆಗಳನ್ನು ಏಕರೂಪದ ಉಪಕರಣಗಳಿಂದ ಸಜ್ಜುಗೊಳಿಸಿತು. ಭಾರತದಲ್ಲಿ ದೆಹಲಿ, ಪುಣೆ, ಶಿಲ್ಲಾಂಗ್ ಮತ್ತು ಕೊಡೈಕನಾಲ್ ಈ ಜಾಲದಲ್ಲಿದ್ದವು. ಠಾಣೆಯ ನಿತ್ಯದ ಕೆಲಸವು ಕತ್ತಲಲ್ಲಿ ನಡೆಯುತ್ತಿತ್ತು: ಉರುಳೆಗೆ ಸುತ್ತಿದ ಛಾಯಾಚಿತ್ರದ ಕಾಗದದ ಮೇಲೆ ಪುಟ್ಟ ಕನ್ನಡಿಯಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆಯೊಂದು ಹಗಲಿರುಳೂ ಗೆರೆ ಎಳೆಯುತ್ತಿತ್ತು, ದಿನಕ್ಕೊಮ್ಮೆ ಕಾಗದವನ್ನು ಬದಲಿಸಿ, ತೊಳೆದು, ಒಣಗಿಸಿ, ಕಟ್ಟು ಕಟ್ಟಿ ಅಮೆರಿಕಕ್ಕೆ ಕಳುಹಿಸಿದರೆ, ಅಲ್ಲಿ ಅದರ ಮೈಕ್ರೊಫಿಲ್ಮ್ ಪ್ರತಿ ತೆಗೆದು ಮೂಲವನ್ನು ಠಾಣೆಗೆ ಹಿಂದಿರುಗಿಸುತ್ತಿದ್ದರು. ಆ ಪ್ರತಿಗಳು ಕೇಳಿದವರಿಗೆಲ್ಲ ಸಿಗುತ್ತಿದ್ದವು ಎಂಬುದೇ ಈ ಜಾಲದ ನಿಜವಾದ ಹಿರಿಮೆ. 1968ರಲ್ಲಿ ಐಸಾಕ್ಸ್, ಆಲಿವರ್ ಮತ್ತು ಸೈಕ್ಸ್ ಎಂಬ ಮೂವರು ಭೂಫಲಕಗಳ ಚಲನೆಗೆ ಭೂಕಂಪಗಳು ನುಡಿಯುವ ಸಾಕ್ಷ್ಯವನ್ನು ಒಗ್ಗೂಡಿಸಿ ಮಂಡಿಸಲು ಸಾಧ್ಯವಾದದ್ದು ಮುಖ್ಯವಾಗಿ ಈ ಕಾಗದಗಳ ಬಲದಿಂದ.

ಪರಮಾಣು ಪರೀಕ್ಷೆಯ ಇದೇ ಆತಂಕದ ಇನ್ನೊಂದು ಕುಡಿ ಕರ್ನಾಟಕದಲ್ಲಿ ಚಿಗುರಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ನೆರವಿನೊಡನೆ 1960ರ ದಶಕದ ನಡುವೆ ಗೌರಿಬಿದನೂರಿನ ಬಳಿ ಇಪ್ಪತ್ತು ಕಂಪನಮಾಪಕಗಳನ್ನು ‘ಎಲ್’ ಅಕ್ಷರದ ಆಕಾರದಲ್ಲಿ ಸಾಲಾಗಿ ನೆಟ್ಟಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡದ ಯೆಲ್ಲೋನೈಫ್ ಮತ್ತು ಆಸ್ಟ್ರೇಲಿಯದ ವಾರಮುಂಗಗಳಲ್ಲಿರುವುದೂ ಇದೇ ಜಾತಿಯ ಸಾಲುಗಳು. ಒಂದೇ ಅಲೆಯು ಸಾಲಿನ ಒಂದೊಂದು ಮಾಪಕವನ್ನು ಮುಟ್ಟುವ ಹೊತ್ತಿನಲ್ಲಿರುವ ಕಿಂಚಿತ್ ಅಂತರದಿಂದ ಅದು ಬಂದ ದಿಕ್ಕನ್ನು ತಿಳಿಯಬಹುದು. ಎಲ್ಲ ದಾಖಲೆಗಳನ್ನು ಹೊಂದಿಸಿ ಕೂಡಿಸಿದರೆ ಗದ್ದಲದಲ್ಲಿ ಮುಳುಗಿದ ಕ್ಷೀಣ ಕಂಪನವೂ ಮೇಲೆದ್ದು ಕಾಣುತ್ತದೆ.

1970ರ ದಶಕದಲ್ಲಿ ಅಮೆರಿಕದ ಜಾಲಕ್ಕೆ ಹಣದ ಒರತೆ ಬತ್ತುತ್ತ ಬಂದಿತು. ಕಾಗದದ ಮಿತಿಯೂ ಬಾಧಿಸುತ್ತಿತ್ತು. ದೊಡ್ಡ ಭೂಕಂಪದಲ್ಲಿ ಬೆಳಕಿನ ಚುಕ್ಕೆ ಕಾಗದದ ಅಂಚು ದಾಟಿ ಹೋದರೆ, ಸಣ್ಣದರಲ್ಲಿ ಗೆರೆ ಅಲುಗುತ್ತಲೇ ಇರಲಿಲ್ಲ. ಇವೆರಡನ್ನೂ ಸಮನಾಗಿ ಹಿಡಿಯಬಲ್ಲ ಡಿಜಿಟಲ್ ಉಪಕರಣಗಳು ಅಷ್ಟರಲ್ಲಿ ಬಂದಿದ್ದವು, ಆದರೆ ಅವುಗಳ ಜಾಗತಿಕ ಜಾಲವನ್ನು ಕಟ್ಟಿ ಸಾಕುವ ಶಕ್ತಿ ಯಾವ ಒಂದು ವಿಶ್ವವಿದ್ಯಾನಿಲಯಕ್ಕೂ ಇರಲಿಲ್ಲ. ಆಗ ವಿಶ್ವವಿದ್ಯಾನಿಲಯಗಳೇ ಕೂಡಿಕೊಂಡು, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನವನ್ನು ನೆಚ್ಚಿ, 1984ರಲ್ಲಿ ‘ಐರಿಸ್’ ಎಂಬ ಭೂಕಂಪಶಾಸ್ತ್ರದ ಒಕ್ಕೂಟವನ್ನು ಸ್ಥಾಪಿಸಿದವು. ಅದೇ ವರ್ಷ ಉಪಗ್ರಹಗಳ ನೆರವಿನಿಂದ ನೆಲದ ಬಿಂದುಗಳ ಸ್ಥಾನವನ್ನು ಅಳೆಯುವ ಭೂಮಾಪನ ಶಾಸ್ತ್ರಜ್ಞರು, ಅಂದು ಬಹು ದುಬಾರಿಯಾಗಿದ್ದ ಜಿಪಿಎಸ್ ಗ್ರಾಹಕಗಳನ್ನು ಕೊಡುಕೊಳ್ಳುವುದಕ್ಕಾಗಿ ‘ಯೂನಾವ್ಕೊ’ವನ್ನು ಕಟ್ಟಿಕೊಂಡರು.

ಐರಿಸ್ ಮಾಡಿದ ಕೆಲಸಗಳಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯೊಡನೆ ಕೂಡಿ ಲೋಕದಾದ್ಯಂತ ನೆಲೆಗೊಳಿಸಿದ ಸುಮಾರು 150 ಠಾಣೆಗಳ ಜಾಲವನ್ನೇ ಮೊದಲು ಹೆಸರಿಸುವುದು ವಾಡಿಕೆ. ಆದರೆ ಅದಕ್ಕಿಂತ ಆಳವಾದ ಪರಿಣಾಮ ಬೀರಿದ್ದು ಒಂದು ನಿಯಮ. ನ್ಯೂ ಮೆಕ್ಸಿಕೊದ ಸೊಕೊರೊದಲ್ಲಿರುವ ಉಪಕರಣ ಭಂಡಾರದಿಂದ ಮಾಪಕಗಳನ್ನು ಎರವಲು ಪಡೆದ ಸಂಶೋಧಕನು ತನ್ನ ದತ್ತಾಂಶವನ್ನೆಲ್ಲ ಸಿಯಾಟಲ್‌ನ ದಫ್ತರಕ್ಕೆ ಒಪ್ಪಿಸಲೇಬೇಕಿತ್ತು. ಅದು ಹೆಚ್ಚೆಂದರೆ ಎರಡು ವರ್ಷ ಅವನೊಬ್ಬನ ಬಳಕೆಗೆ ಮೀಸಲಾಗಿದ್ದು, ಬಳಿಕ ಎಲ್ಲರಿಗೂ ತೆರೆದುಕೊಳ್ಳುತ್ತಿತ್ತು. ಸ್ಥಿರ ಠಾಣೆಗಳ ದತ್ತಾಂಶಕ್ಕಂತೂ ಈ ಕಾಯುವಿಕೆಯೂ ಇರಲಿಲ್ಲ. ತಾನು ಬೆವರು ಸುರಿಸಿ ಕೂಡಿಸಿದ್ದನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವ ವಿದ್ವಾಂಸರ ಹಳೆಯ ಅಭ್ಯಾಸವನ್ನು ಈ ನಿಯಮವು ಬುಡದಿಂದಲೇ ಬದಲಿಸಿತು. ಶೀತಲ ಸಮರ ಇನ್ನೂ ಮುಗಿದಿರದ 1988ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯೊಡನೆ ಕೂಡಿ ಒಬ್ನಿನ್ಸ್ಕ್ ಮೊದಲಾದ ಕಡೆ ಠಾಣೆಗಳನ್ನು ತೆರೆದದ್ದು ಈ ಧೋರಣೆಯ ದಿಟ್ಟ ಫಲ.

2003ರಲ್ಲಿ ಆರಂಭವಾದ ‘ಅರ್ತ್‌ಸ್ಕೋಪ್’ ಯೋಜನೆಯು ಎರಡೂ ಒಕ್ಕೂಟಗಳನ್ನು ಒಂದೇ ನೊಗಕ್ಕೆ ಹೂಡಿತು. ಯೂನಾವ್ಕೊ ಅಮೆರಿಕದ ಪಶ್ಚಿಮದ ಫಲಕದಂಚಿನಲ್ಲಿ ಸಾವಿರಕ್ಕೂ ಮಿಕ್ಕಿ ಜಿಪಿಎಸ್ ಠಾಣೆಗಳನ್ನು ನಿಲ್ಲಿಸಿದರೆ, ಐರಿಸ್ 400 ಕಂಪನಮಾಪಕಗಳನ್ನು ಸುಮಾರು 70 ಕಿಲೋಮೀಟರ್ ಅಂತರದಲ್ಲಿ ನೆಟ್ಟು, ಪ್ರತಿಯೊಂದನ್ನೂ ಎರಡು ವರ್ಷದ ಆಸುಪಾಸಿನಲ್ಲಿ ಕಿತ್ತು ಪೂರ್ವಕ್ಕೆ ಸಾಗಿಸುತ್ತ, 2004ರಿಂದ ಸುಮಾರು ಒಂದು ದಶಕದಲ್ಲಿ ಇಡೀ ದೇಶವನ್ನು ದಾಟಿಸಿತು. ಹೊಲ, ಹುಲ್ಲುಗಾವಲುಗಳ ಮೂಲೆಯಲ್ಲಿ ಆಳದ ಗುಂಡಿ ತೋಡಿ, ಪ್ಲಾಸ್ಟಿಕ್ ತೊಟ್ಟಿ ಇಳಿಸಿ, ತಳಕ್ಕೆ ಕಾಂಕ್ರೀಟು ಸುರಿದು, ಅದರ ಮೇಲೆ ಮಾಪಕವನ್ನು ಕೂರಿಸಿ ಮಣ್ಣು ಮುಚ್ಚುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಒಂದು ದಿಬ್ಬ, ಒಂದು ಕಂಬ, ಅದರ ಮೇಲಿನ ಸೌರಫಲಕ ಇಷ್ಟೇ. ಜಾಗ ಹುಡುಕಲು ಬೇಸಗೆ ರಜೆಯಲ್ಲಿ ಹೊರಟವರು ಆಯಾ ಪ್ರಾಂತ್ಯದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು, ಜಾಗ ಕೊಟ್ಟವರಲ್ಲಿ ಬಹುಮಂದಿ ರೈತರು. 2011ರ ಜಪಾನ್ ಭೂಕಂಪದ ಅಲೆಗಳು ಅಮೆರಿಕ ಖಂಡವನ್ನು ಹಾಯ್ದು ಹೋದದ್ದನ್ನು ಕೊಳದ ತೆರೆಗಳಂತೆ ಕಣ್ಣಾರೆ ನೋಡಲು ಸಾಧ್ಯವಾದದ್ದು ಈ ದಿಬ್ಬಗಳಿಂದ.

ಶಾಲೆಗಳಿಗೆ ಕಂಪನಮಾಪಕ ಒದಗಿಸುವುದು, ದೊಡ್ಡ ಭೂಕಂಪವಾದ ಕೆಲವೇ ಗಂಟೆಗಳಲ್ಲಿ ಅಧ್ಯಾಪಕರಿಗೆ ಪಾಠದ ಸಾಮಗ್ರಿ ಸಿದ್ಧಪಡಿಸುವುದು ಐರಿಸ್‌ನ ಕೆಲಸಗಳಲ್ಲಿ ಸೇರಿದ್ದವು. 2023ರ ಜನವರಿ 1ರಂದು ಐರಿಸ್ ಮತ್ತು ಯೂನಾವ್ಕೊ ವಿಲೀನಗೊಂಡು, ಮುಗಿದುಹೋದ ಯೋಜನೆಯ ಹೆಸರನ್ನೇ ಉಳಿಸಿಕೊಂಡವು.

ಕಂಪನ ಮತ್ತು ಸ್ಥಾನಗಳ ಈ ಮುಕ್ತ ಲೆಕ್ಕದಲ್ಲಿ ಕನ್ನಡ ನಾಡಿಗೂ ಒಂದು ಸಾಲು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಇರುವ, ಅಂತಾರಾಷ್ಟ್ರೀಯ ಜಾಲಕ್ಕೆ ಸೇರಿದ ಜಿಪಿಎಸ್ ಠಾಣೆಯ ಅಳತೆಗಳನ್ನು ಯಾವ ದೇಶದ ವಿದ್ಯಾರ್ಥಿಯೂ ಪಡೆದು ನೋಡಬಹುದು. ಆ ಅಳತೆಗಳ ಪ್ರಕಾರ ಬೆಂಗಳೂರು, ತನ್ನನ್ನು ಹೊತ್ತ ಫಲಕದೊಡನೆ, ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯದ ಕಡೆಗೆ ಸರಿಯುತ್ತಿದೆ.