ಕೃಷ್ಣನ ಪಾರ್ಟು, ಇಪ್ಪತ್ತೈದು ಸಾವಿರ

ಮೊನ್ನೆ ಒಂದು ವಾರ ರಜೆ ಹಾಕಿ ಪುಣೆಯಿಂದ ಚಾಮರಾಜಪೇಟೆಯ ಮನೆಗೆ ಬಂದಿದ್ದೆ. ಕೊಡಗು, ಚಿಕ್ಕಮಗಳೂರು ಅಂತ ಏನೇನೋ ಪ್ಲಾನ್ ಇತ್ತು, ಯಾವುದೂ ಆಗಲಿಲ್ಲ. ಆಗಿದ್ದು ಒಂದೇ... ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೂ ಕೂತು ‘ಕುರುಕ್ಷೇತ್ರ’ ನೋಡಿದ್ದು!

ಬಂದ ಮಾರನೇ ದಿನವೇ ತುಮಕೂರು ಕಡೆಯ ಹಳ್ಳಿಯಿಂದ ಸೋದರಮಾವ ಬಂದು ಕರಪತ್ರ ಕೈಗಿಟ್ಟರು. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಪೌರಾಣಿಕ ನಾಟಕ. ಕೆಳಗೆ ಉದ್ದದ ಪಾತ್ರಗಳ ಪಟ್ಟಿ. 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ... ಎರಡನೇ ಕೃಷ್ಣನ ಮುಂದೆ ಮಾವನ ಹೆಸರು. ಕೊನೆಯಲ್ಲಿ ‘ಎಲ್ಲರಿಗೂ ಉಚಿತ ಪ್ರವೇಶ’.

“ಪರವಾಗಿಲ್ವೇ ಮಾವ! ಎಷ್ಟು ಕೊಡ್ತಾರೆ?” ಅಂದೆ.

“ಕೊಡೋದೇನ್ಲಾ? ನಾನೇ ಕೊಟ್ಟಿದೀನಿ. ಇಪ್ಪತ್ತೈದು ಸಾವಿರ.”

ಅಮ್ಮ ಕಾಫಿ ಲೋಟ ಇಡುತ್ತಾ, “ತೋಟದ ಮೋಟರು ಕೆಟ್ಟು ಎರಡು ತಿಂಗಳಾಯ್ತಂತೆ. ಅತ್ತಿಗೆ ಮಾತು ಬಿಟ್ಟಿದ್ದಾಳಂತೆ, ಹೌದೇನಣ್ಣ?” ಅಂದಳು. ಮಾವ ಕಾಫಿ ಕುಡಿದರು, ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ನಗು ಬಂದಿತ್ತು. ದುಡ್ಡು ಕೊಟ್ಟು ನಾಟಕ ನೋಡೋದು ಗೊತ್ತು, ದುಡ್ಡು ಇಸಕೊಂಡು ನಾಟಕ ಆಡೋದೂ ಗೊತ್ತು. ದುಡ್ಡು ಕೊಟ್ಟು ಆಡಿ, ಜನರನ್ನು ಪುಕ್ಕಟೆ ಕರೆಯೋದು ಯಾವ ಲೆಕ್ಕ? ಆ ರಾತ್ರಿ ಮನೆಯಲ್ಲಿದ್ದ ಹಳೇ ಪುಸ್ತಕಗಳನ್ನು ತೆಗೆದು ಕೂತೆ.

ತಮಾಷೆ ನೋಡಿ, ಕಥೆ ಒಂದು ರೀತಿಯಲ್ಲಿ ನಮ್ಮ ಬಡಾವಣೆಯ ಹೆಸರಿನಿಂದಲೇ ಶುರುವಾಗುತ್ತೆ. 1892ರಲ್ಲಿ ಕಟ್ಟಿದ ಚಾಮರಾಜಪೇಟೆಗೆ ಯಾವ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರೋ, ಅವರ ಆಶ್ರಯದಲ್ಲೇ 1880ರ ದಶಕದ ಆರಂಭದಲ್ಲಿ ಮೈಸೂರು ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಅನ್ನಿಸಿಕೊಂಡಿದ್ದು ಆ ಕಾಲದಲ್ಲೇ. ಅಂದರೆ ಮೊದಲು ನಾಟಕದ ಖರ್ಚು ನೋಡಿಕೊಂಡಿದ್ದು ರಾಜ.

ಆಮೇಲೆ ಬಂದದ್ದು ಕಂಪನಿಗಳು. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಕಂಪನಿ ತನ್ನ ಊರದೇವರಾದ ಚನ್ನಬಸವೇಶ್ವರನ ಹೆಸರನ್ನೇ ಇಟ್ಟುಕೊಂಡಿತು. ಇಲ್ಲಿ ಖರ್ಚು ನೋಡಿಕೊಂಡವನು ಟಿಕೆಟ್ ಕೊಳ್ಳುವ ಪ್ರೇಕ್ಷಕ. ಅವನಿಗೆ ಕೊಟ್ಟಿದ್ದೇನು? ಹೆಚ್ಚಾಗಿ ದೇವರನ್ನೇ! ಎ.ವಿ. ವರದಾಚಾರ್ಯರು (1869–1926) ತಮ್ಮ ರತ್ನಾವಳಿ ಕಂಪನಿಯಲ್ಲಿ ಹಿರಣ್ಯಕಶಿಪುವಾಗಿ ಹೆಸರು ಮಾಡಿದರು. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ, ಕುದುರೆಗಳನ್ನೇ ತಂದು ಆಡಿಸಿದರು. ಗ್ರಾಫಿಕ್ಸ್ ಇಲ್ಲದ ಕಾಲ ಸ್ವಾಮಿ, ಆನೆ ಬೇಕೆಂದರೆ ಆನೆಯೇ ಬರಬೇಕು :)

ಭಕ್ತಿಯೋ, ವ್ಯಾಪಾರವೋ? ಎರಡೂ ಅಂತಲೇ ನನ್ನ ಅನಿಸಿಕೆ. ದೇವರಿಗೆ ಕಾಯಿ ಒಡೆದೇ ಟಿಕೆಟ್ ಮಾರುತ್ತಿದ್ದರು.

ಅದೇ ದಶಕದಲ್ಲಿ ಏಟೂ ಬಿತ್ತು. 1934ರ ಮಾರ್ಚ್ 3ರಂದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಸಿಟಿ ಮಾರ್ಕೆಟ್ ಬಳಿ, ಪ್ಯಾರಾಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನಾ’ ಬಿಡುಗಡೆಯಾಯ್ತು. ತೆರೆಗೆ ಬಂದ ಮೊದಲ ಕನ್ನಡ ಟಾಕಿ. ಅದೂ ರಾಮಾಯಣದ ಕಥೆಯೇ. ಅದರಲ್ಲಿದ್ದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯವರೇ. ಗುಬ್ಬಿ ಕಂಪನಿಯಲ್ಲಿ ಅಪ್ಪನ ಜೊತೆ ಬೆಳೆದ ಮುತ್ತುರಾಜ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ರಾಜ್‌ಕುಮಾರ್ ಆದರು. ಹೀಗೆ ಕಥೆ, ನಟ, ಪ್ರೇಕ್ಷಕ, ಮೂರನ್ನೂ ಸಿನಿಮಾ ಎಳೆದುಕೊಂಡಿತು. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಅಲ್ಲಿಗೆ ಒಂದು ಯುಗ ಮುಗಿಯಿತು ಅಂತ ಬರೆಯೋದು ರೂಢಿ. ನಾನೂ ಹಾಗೇ ಅಂದುಕೊಂಡಿದ್ದೆ, ಕಲಾಕ್ಷೇತ್ರಕ್ಕೆ ಹೋಗುವವರೆಗೆ.

ಭಾನುವಾರ ಹೋದರೆ ಅಂಗಳದ ತುಂಬಾ ಬಾಡಿಗೆ ಬಸ್ಸು, ಟೆಂಪೋ. ಬಣ್ಣದ ಮನೆಯಲ್ಲಿ ಮಾವ ಮೈಗೆಲ್ಲಾ ನೀಲಿ ಬಳಿಸಿಕೊಂಡು ಕೂತಿದ್ದರು. ವಾರದಿಂದ ಒಪ್ಪೊತ್ತು ಊಟವಂತೆ. ಹಾರ್ಮೋನಿಯಂಗೆ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಮಾಡಿ, ಎಲ್ಲರೂ ಡ್ರಾಮಾ ಮೇಷ್ಟ್ರ ಕಾಲಿಗೆ ಬಿದ್ದರು.

ಲೆಕ್ಕ ಅರ್ಥವಾಗಿದ್ದು ಮೇಷ್ಟ್ರನ್ನು ಕೇಳಿದ ಮೇಲೆ. ತಿಂಗಳುಗಟ್ಟಲೆ ಊರಿಗೆ ಹೋಗಿ ಹಾಡು, ಮಾತು ಕಲಿಸುವ ಅವರ ಸಂಭಾವನೆ, ತಬಲಾದವರು, ಸೀನರಿ ಮತ್ತು ಡ್ರೆಸ್ಸಿನ ಬಾಡಿಗೆ, ದ್ರೌಪದಿ ಕುಂತಿಯರಾಗಿ ಬರುವ ವೃತ್ತಿ ಕಲಾವಿದೆಯರ ಸಂಭಾವನೆ, ಎಲ್ಲ ಕೂಡಿಸಿ ಪಾತ್ರಗಳ ಮೇಲೆ ಹಂಚುತ್ತಾರೆ. ಕೃಷ್ಣ, ದುರ್ಯೋಧನ ದುಬಾರಿ. ಸಹದೇವ ಅಗ್ಗ. ಆಸೆಪಡುವವರು ಜಾಸ್ತಿ ಇದ್ದಾಗ ಒಂದೇ ಪಾತ್ರವನ್ನು ಇಬ್ಬರಿಗೆ ಕೊಡುತ್ತಾರೆ. ಒಬ್ಬ ಕೃಷ್ಣ ಒಳಗೆ ಹೋಗಿ ಇನ್ನೊಬ್ಬ ಕೃಷ್ಣ ಹೊರಗೆ ಬಂದರೆ ಪ್ರೇಕ್ಷಕರಲ್ಲಿ ಯಾರಿಗೂ ತಕರಾರಿಲ್ಲ!

ಮೊದಲು ರಾಜ ಕೊಟ್ಟ, ಆಮೇಲೆ ಪ್ರೇಕ್ಷಕ ಕೊಟ್ಟ, ಈಗ ನಟನೇ ಕೊಡುತ್ತಿದ್ದಾನೆ. ನಷ್ಟವಾದಾಗ ಕಂಪನಿ ಮುಚ್ಚುತ್ತೆ. ಇಲ್ಲಿ ಲಾಭದ ಆಸೆಯೇ ಇಲ್ಲ, ಮುಚ್ಚುವುದಾದರೂ ಏನನ್ನು? ದೇವಸ್ಥಾನದಲ್ಲಿ ಸೇವೆಗೆ ಚೀಟಿ ಮಾಡಿಸುತ್ತೇವಲ್ಲ, ಮಾವನ ಇಪ್ಪತ್ತೈದು ಸಾವಿರ ಆ ಜಾತಿಯ ದುಡ್ಡು.

ಮಾವ ರಂಗಕ್ಕೆ ಬಂದರು. ದನಿ ಸ್ವಲ್ಪ ಒಡೆದಿತ್ತು, ಎರಡು ಕಡೆ ಮಾತು ಮರೆತು ಮೇಷ್ಟ್ರ ಕಡೆ ನೋಡಿದರು. ಆದರೆ ಸಂಧಾನದ ದೃಶ್ಯದಲ್ಲಿ ಎತ್ತಿಕೊಂಡ ಹಾಡಿಗೆ ಇಡೀ ಊರು “ಒನ್ಸ್ ಮೋರ್” ಅಂದಿತು. ಯಾರೋ ನೋಟಿನ ಹಾರ ಹಾಕಿದರು. ಊರಿನ ಮುದುಕಮ್ಮ ಒಬ್ಬರು ನಿಧಾನಕ್ಕೆ ಮೆಟ್ಟಿಲು ಹತ್ತಿ ಮಾವನ ಕಾಲು ಮುಟ್ಟಿ ನಮಸ್ಕರಿಸಿದರು. ಮಾವನಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಬೇರೆ ದಿನವಾಗಿದ್ದರೆ ಮಾವ ಹಿಂದೆ ಸರಿಯುತ್ತಿದ್ದರು. ಅವತ್ತು ಕೈಯೆತ್ತಿ ಆಶೀರ್ವಾದ ಮಾಡಿದರು. ನಾನು ನಗಲಿಲ್ಲ.

ಎರಡನೇ ಸಾಲಿನಲ್ಲಿ ಅತ್ತೆ ಕೂತಿದ್ದರು. ಬರಲ್ಲ ಅಂದಿದ್ದವರು! ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ. ಭಕ್ತಿಗೋ, ಮೋಟರಿಗೋ ಕೇಳಲು ಧೈರ್ಯ ಬರಲಿಲ್ಲ.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಅವತ್ತು ರಂಗದ ಮೇಲಿದ್ದ ಗಂಡಸರಲ್ಲಿ ನಲವತ್ತರ ಕೆಳಗಿನವರು ಮೂರೇ ಜನ. ಬಣ್ಣ ತೊಳೆಯುತ್ತಾ ಮಾವ ಕೇಳಿದರು, “ಮುಂದಿನ ಸಲ ಅಭಿಮನ್ಯು ನಿಂಗೇ ಇಟ್ಟಿರ್ತೀನಿ, ಬರ್ತೀಯೇನ್ಲಾ? ರಜೆ ಹಾಕ್ಬೇಕು ಅಷ್ಟೆ. ದುಡ್ಡು ಜಾಸ್ತಿ ಇಲ್ಲ.”

“ನೋಡೋಣ ಮಾವ” ಅಂದು ಪುಣೆ ಬಸ್ಸು ಹತ್ತಿದೆ. ಇನ್ನೂ ಫೋನ್ ಮಾಡಿಲ್ಲ. ಹಾಡೋಕೆ ಬರಲ್ಲ ಅನ್ನೋದು ಒಳ್ಳೇ ನೆಪವೇ, ಆದರೆ ಮೇಷ್ಟ್ರು ಕಲಿಸ್ತಾರಂತೆ...