ಯಾರ ಕೋವಿಗೆ ಲೈಸೆನ್ಸ್ ಬೇಕು?

ಇಲ್ಲಿ ಏನಾದರೂ ಬರೆಯದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ರಾತ್ರಿ ಹನ್ನೊಂದಕ್ಕೆ ಕಾಲು... ಆ ಗೋಳು ಬೇಡ ಬಿಡಿ. ಮೊನ್ನೆ ಎರಡು ದಿನ ರಜೆ ಹಾಕಿ ಬಲ್ಮಠದ ಮನೆಗೆ ಹೋಗಿದ್ದೆ. ಚಪ್ಪಲಿ ಬಿಚ್ಚುವ ಮೊದಲೇ ಅಕ್ಕನ ಮಗ ಮೊಬೈಲು ಹಿಡಿದುಕೊಂಡು ಓಡಿ ಬಂದ.

"ಮಾಮ, ಇದು ತೆಗೆಸಿ ಕೊಡ್ತೀಯಾ?"

ನೋಡಿದರೆ ಏರ್‌ಸಾಫ್ಟ್ ಕೋವಿ. ಥೇಟ್ ಎಕೆ-47ರ ಹಾಗೇ ಉಂಟು. ಒಳಗೆ ಹಾಕುವುದು ಮಾತ್ರ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು. ಜಪಾನಿನಲ್ಲಿ 1958ರಲ್ಲೇ ಕೋವಿ-ಕತ್ತಿಗಳ ಮೇಲೆ ಬಿಗಿಯಾದ ಕಾನೂನು ಬಂತು. ನಿಜವಾದ ಕೋವಿ ಮುಟ್ಟುವ ಹಾಗಿಲ್ಲ, ಆದರೆ ಆಸೆ ಬಿಡಬೇಕಲ್ಲ? 1970ರ ದಶಕದಲ್ಲಿ ಅಲ್ಲಿಯವರು ಈ ಆಟಿಕೆ ಕಂಡುಹಿಡಿದರು. ಅಂದರೆ ಕಾನೂನೇ ಹೆತ್ತ ಮಗು ಇದು :-)

"ಲೈಸೆನ್ಸ್ ಬೇಕಾ ಮಾಮ ಇದಕ್ಕೆ?" ಅಂತ ಕೇಳಿದ. ಇಂಜಿನಿಯರ್ ಮಾಮನಿಗೆ ಗೊತ್ತಿಲ್ಲ ಅಂದರೆ ಮರ್ಯಾದೆ ಏನಾಗಬೇಕು? ರಾತ್ರಿ ಕೂತು ಹುಡುಕಿದೆ. ನಮ್ಮ 2016ರ ಆಯುಧ ನಿಯಮಗಳಲ್ಲಿ ಗಾಳಿಕೋವಿಗೆ ಎರಡು ಅಳತೆ ಹೇಳಿದ್ದಾರೆ. ಒಂದು, ಗುಂಡು ನಳಿಗೆಯಿಂದ ಹೊರಡುವಾಗಿನ ಶಕ್ತಿ 20 ಜೂಲ್. ಎರಡು, ನಳಿಗೆಯ ಒಳಗಿನ ಅಗಲ 0.177 ಇಂಚು, ಅಂದರೆ 4.5 ಮಿಲಿಮೀಟರು. ಇವುಗಳನ್ನು ದಾಟಿದರೆ ಲೈಸೆನ್ಸಿನ ಮಾತು. ಈ ಆಟಿಕೆಯ ಶಕ್ತಿ ಸಾಮಾನ್ಯವಾಗಿ ಒಂದೆರಡು ಜೂಲ್, ಏನೇನೂ ಅಲ್ಲ. ಆದರೆ ನಳಿಗೆ ಆರು ಮಿಲಿಮೀಟರು! ಶಕ್ತಿಯಲ್ಲಿ ಪಾಸು, ಅಗಲದಲ್ಲಿ ಫೇಲು. "ಕ್ಯಾರಂ ಬೋರ್ಡು ತೆಗೆಸಿ ಕೊಡ್ತೇನೆ" ಅಂದೆ. ಮುಖ ಊದಿಸಿಕೊಂಡು ಹೋದ.

ಅವನು ಹೋದ, ಪ್ರಶ್ನೆ ಹೋಗಲಿಲ್ಲ. ಯಾಕೆಂದರೆ ನನಗೆ ಸುಳ್ಯದ ಹತ್ತಿರ ತೋಟ ಇರುವ ಅಜ್ಜ ನೆನಪಾದರು, ಜೊತೆಗೆ ಕಾಲೇಜಿನಲ್ಲಿ ರೂಮ್‌ಮೇಟ್ ಆಗಿದ್ದ ಕೊಡಗಿನ ಗೆಳೆಯ ನೆನಪಾದ.

ಅಜ್ಜನ ಹತ್ತಿರ ಒಂದು ಒಂಟಿ ನಳಿಗೆಯ ಕೇಪಿನ ಕೋವಿ ಉಂಟು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಹಂದಿ ಬಂದರೆ, ಮಂಗ ಬಂದರೆ ಒಂದು ಈಡು ಹಾರಿಸಿ ಹೆದರಿಸುವುದಕ್ಕೆ. ಕಾಲಕಾಲಕ್ಕೆ ನವೀಕರಣ ಆಗಬೇಕು. ಚುನಾವಣೆ ಬಂತೆಂದರೆ ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ರಶೀದಿ ತರಬೇಕು. ಪಂಚಾಯತು, ವಿಧಾನಸಭೆ, ಲೋಕಸಭೆ ಎಲ್ಲದಕ್ಕೂ. ಒಂದು ಸಲ ವಾಪಸು ಬರುವಾಗ ಹಿಡಿಯಲ್ಲಿ ಬಿರುಕು. "ಓಟು ಮನುಷ್ಯರದ್ದು, ಮಂಗಗಳಿಗೆ ಗೊತ್ತುಂಟಾ ನೀತಿ ಸಂಹಿತೆ?" ಅಂತ ಅಜ್ಜ ಬೈಯುತ್ತಿದ್ದರು.

ಗೆಳೆಯನ ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಇತ್ತು. ಲೈಸೆನ್ಸ್ ಇಲ್ಲ! ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಒಂದು, ಅಷ್ಟೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕರೆದಿದ್ದ. ದೇವರ ಕೋಣೆಯಲ್ಲಿ ಕೋವಿ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಅನ್ನುತ್ತಾರೆ, ಕೋವಿಗೆ ಇಡುವ ಹೂವಾದ್ದರಿಂದ ಅದು ತೋಕ್ ಪೂ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಹುಟ್ಟಿದ್ದೂ ಸತ್ತದ್ದೂ ಊರಿಗೆ ತಿಳಿಯುವುದು ಕೋವಿಯ ಶಬ್ದದಿಂದ.

ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅದೇ ಮಳೆ, ಅದೇ ಹಂದಿ, ಅದೇ ಮಂಗ. ಕೆಳಗೆ ಲೈಸೆನ್ಸು, ಮೇಲೆ ವಿನಾಯಿತಿ. ಯಾಕೆ ಹೀಗೆ? ಉತ್ತರದ ಒಂದು ತುದಿ ನಮ್ಮ ಬಲ್ಮಠದಿಂದ ನಡೆದು ಹೋಗುವಷ್ಟು ದೂರದಲ್ಲೇ ಉಂಟು, ಬಾವುಟಗುಡ್ಡೆಯಲ್ಲಿ.

1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರಿನ ಕಡೆಯ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಅಂಟಿಸಿತು. ಅರಸರ ಕಾಲದಲ್ಲಿ ಬೆಳೆದದ್ದರಲ್ಲೇ ಕಂದಾಯ ಕೊಡುತ್ತಿದ್ದವರು ಈಗ ರೊಕ್ಕ ಎಣಿಸಬೇಕಾಯಿತು. ಭತ್ತ ಕಣಜದಲ್ಲಿ ಇದ್ದರೂ ಕೈಯಲ್ಲಿ ದುಡ್ಡು ಎಲ್ಲಿಂದ ಬರಬೇಕು? 1837ರಲ್ಲಿ ಸಿಟ್ಟು ಒಡೆಯಿತು. ಕೆದಂಬಾಡಿ ರಾಮಯ್ಯ ಗೌಡ ಮತ್ತು ಕಲ್ಯಾಣಸ್ವಾಮಿಯ ಹೆಸರು ಹೊತ್ತವನ ಮುಂದಾಳತ್ವದಲ್ಲಿ ರೈತರ ದಂಡು ಸುಳ್ಯದಿಂದ ಹೊರಟು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರಿಗೆ ಬಂತು. ಗುಡ್ಡೆಯ ಮೇಲೆ ಬಾವುಟ ಏರಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಪಡೆ ಬಂದು ದಂಗೆ ಅಡಗಿಸಿತು, ಬಿಕರ್ನಕಟ್ಟೆಯಲ್ಲಿ ನೇಣು. ಇದನ್ನೇ ಮುಂದೆ 'ಕಲ್ಯಾಣಪ್ಪನ ಕಾಟಕಾಯಿ' ಅಂತ ಹಗುರ ಮಾಡಿ ಕರೆದರು. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು, 185 ವರ್ಷ ತಡವಾಗಿ.

ಈ ದಂಗೆಯಲ್ಲಿ ಕೊಡಗಿನವರು ಎರಡೂ ಕಡೆ ಇದ್ದರು. ಕಂಪನಿಯ ಪಕ್ಷ ಹಿಡಿದವರಿಗೆ ಚಿನ್ನದ, ಬೆಳ್ಳಿಯ ಪದಕಗಳು ಸಿಕ್ಕವು. ಹಾಗೆ ಒಂದು ಲೆಕ್ಕ ಬ್ರಿಟಿಷರ ಪುಸ್ತಕದಲ್ಲಿ ಬರೆದಾಯಿತು: ಇವರು ನಂಬಿಕಸ್ಥರು. ನಮ್ಮ ಬಲ್ಮಠದ ಬಾಸೆಲ್ ಮಿಶನ್ನಿನವರು, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್, ಆಮೇಲೆ ಕೊಡಗಿಗೆ ಹೋಗಿ ಆ ನಾಡಿನ ಬಗ್ಗೆಯೇ ಪುಸ್ತಕ ಬರೆದು 1855ರಲ್ಲಿ ಅಚ್ಚು ಹಾಕಿಸಿದರು. ಬಿಳಿಯರಿಗೆ ಕೊಡಗಿನ ಮೇಲೆ ಅಷ್ಟು ಕುತೂಹಲ.

1857ರ ಮಹಾದಂಗೆ ಆದಮೇಲೆ ಸರಕಾರಕ್ಕೆ ಹೊಳೆದ ಮೊದಲ ಉಪಾಯ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವುದು. 1860ರಲ್ಲಿ ಆಯುಧ ಕಾಯ್ದೆ ಬಂತು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್. (ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ.) ಆತ 1861ರ ಫೆಬ್ರವರಿ 26ರಂದು ಒಂದು ಪ್ರಕಟಣೆ ಹೊರಡಿಸಿ, ಕೊಡಗಿನವರ ಶೌರ್ಯ, ನಿಷ್ಠೆ, ಸರಕಾರಕ್ಕೆ ಮಾಡಿದ ಉಪಕಾರ ಎಲ್ಲ ಹೊಗಳಿ, ಅವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂದ. ಎರಡು ತಿಂಗಳೊಳಗೆ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಕಾಗದ ಬದುಕಿತು.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಇನ್ನೂ ಬಿಗಿಯಾದ ಕಾಯ್ದೆ ತಂದ. ಅದೇ ವರ್ಷ ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆಯನ್ನೂ ತಂದವನು ಅವನೇ. ಕೋವಿಗೂ ಲೇಖನಿಗೂ ಒಂದೇ ವರ್ಷ ಬೀಗ! ಯುರೋಪಿಯನ್ನರಿಗೆ ವಿನಾಯಿತಿ, ನಮಗೆ ಲೈಸೆನ್ಸು. ಕಾಂಗ್ರೆಸ್ ಇದನ್ನು ಮತ್ತೆ ಮತ್ತೆ ವಿರೋಧಿಸಿತು. ಅಹಿಂಸೆಯ ಗಾಂಧೀಜಿ ಕೂಡಾ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಕೋವಿಯ ಲೈಸೆನ್ಸ್ ಕೊಡಿ ಅನ್ನುವುದೂ ಒಂದು. ಇದು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು.

ಸ್ವಾತಂತ್ರ್ಯ ಬಂತು. 1959ರಲ್ಲಿ ನಮ್ಮದೇ ಆಯುಧ ಕಾಯ್ದೆ ಬಂತು, 1962ರ ಅಕ್ಟೋಬರಿನಿಂದ ಜಾರಿ. ಕೊಡಗಿನ ವಿನಾಯಿತಿ ಉಳಿಯಿತು. ಇದು ಕೊಡವರಿಗೆ ಮಾತ್ರ ಅಂತ ನಾನೂ ತಿಳಿದುಕೊಂಡಿದ್ದೆ. ಹಾಗಲ್ಲ. ಕೊಡವ ಜನಾಂಗದವರಿಗೆ, ಮತ್ತು ಜಮ್ಮಾ ಭೂಮಿ ಇರುವ ಎಲ್ಲರಿಗೆ. ಜಮ್ಮಾ ಅಂದರೆ ಅರಸರ ಕಾಲದಲ್ಲಿ ದಂಡಿಗೆ ಬರುವ ಕರಾರಿನ ಮೇಲೆ ಕಡಿಮೆ ಕಂದಾಯಕ್ಕೆ ಕೊಟ್ಟ ವಂಶಪಾರಂಪರ್ಯದ ಭೂಮಿ. ಅರೆಭಾಷೆ ಗೌಡರೂ ಅದರಲ್ಲಿ ಇದ್ದಾರೆ. ಅಂದರೆ ಘಾಟಿಯ ಮೇಲಿನ ಜಮ್ಮಾ ಹಿಡುವಳಿಯ ಗೌಡರಿಗೆ ಲೈಸೆನ್ಸ್ ಬೇಡ, ಸುಳ್ಯದಲ್ಲಿರುವ ಅವರ ನೆಂಟರಿಗೆ ಬೇಕು!

2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಜಾತಿ ಮತ್ತು ಭೂಮಿ ನೋಡಿ ಹಕ್ಕು ಕೊಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಸೇನೆಯ ನಿವೃತ್ತ ಅಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಹಾಗಾದರೆ ಕೊಡಗಿನವರ ಕೋವಿ ಕಿತ್ತುಕೊಳ್ಳಬೇಕಾ? ನನಗೆ ಹಾಗೆ ಅನ್ನಿಸುವುದಿಲ್ಲ. ಹೂವಿಟ್ಟು ಪೂಜೆ ಮಾಡಿದ ಕೋವಿಯನ್ನು ಗೆಳೆಯನ ಅಪ್ಪ ಎಷ್ಟು ಜೋಪಾನವಾಗಿ ಎತ್ತಿಟ್ಟರು ಅಂತ ಕಣ್ಣಾರೆ ನೋಡಿದ್ದೇನೆ. ಯಾವ ಲೈಸೆನ್ಸೂ ಆ ಶಿಸ್ತು ಕಲಿಸುವುದಿಲ್ಲ. ನನ್ನ ತಕರಾರು ಬೇರೆ. ಕಬ್ಬನ್ ಆ ಹಕ್ಕು ಕೊಟ್ಟದ್ದು ಸಂಸ್ಕೃತಿಗೆ ಅಲ್ಲ, ನಿಷ್ಠೆಗೆ. ಕಾರಣ ಸತ್ತು ಎಷ್ಟೋ ಕಾಲವಾದರೂ ಗೆರೆ ಮಾತ್ರ ಹಾಗೇ ಉಂಟು. ಕೊಡಗಿನವರನ್ನು ನಂಬಿ ನಾವು ಕೆಟ್ಟಿಲ್ಲ ಅಂತಾದರೆ, ಅಜ್ಜನಂಥವರನ್ನೂ ಸ್ವಲ್ಪ ನಂಬಬಹುದಲ್ಲ? ವರ್ಷಗಟ್ಟಲೆ ಒಂದು ತಪ್ಪು ಈಡು ಹಾರಿಸದ ಎಂಬತ್ತು ದಾಟಿದ ಕೃಷಿಕ ಪ್ರತಿ ಚುನಾವಣೆಗೂ ಗೋಣಿಚೀಲ ಹೊತ್ತು ಬಸ್ಸು ಹತ್ತಬೇಕಾ?

ಇದನ್ನೆಲ್ಲ ಫೋನಿನಲ್ಲಿ ಅಜ್ಜನಿಗೆ ಹೇಳಿದೆ. ಪೂರ್ತಿ ಕೇಳಿ, "ಹಾಗಾದರೆ ನಮ್ಮವರು ಬಾವುಟ ಹಾರಿಸಿದ್ದಕ್ಕೆ ನಾನು ಇನ್ನೂ ರಶೀದಿ ತೆಗೆದುಕೊಳ್ಳುವುದು ಅನ್ನು" ಅಂದು ಗಟ್ಟಿಯಾಗಿ ನಕ್ಕರು. ಇತಿಹಾಸ ಅಷ್ಟು ನೇರ ಅಲ್ಲ ಅಜ್ಜ, ಕಾಯ್ದೆ ಇಡೀ ದೇಶಕ್ಕೆ ಬಂದದ್ದು ಅಂತ ಹೇಳಲು ಹೊರಟೆ. ಹೇಳಲಿಲ್ಲ.

ನಿಮ್ಮ ಅಜ್ಜನ ಮನೆಯ ಅಟ್ಟದಲ್ಲೂ ಕೇಪಿನ ಕೋವಿಯ ಕಥೆ ಇದ್ದರೆ ಬರೆಯಿರಿ. ಅಕ್ಕನ ಮಗ ಕ್ಯಾರಂ ಬೋರ್ಡಿನಲ್ಲಿ ನನ್ನನ್ನು ಮೂರು ಸಲ ಸೋಲಿಸಿದ. ಸ್ಟ್ರೈಕರಿಗೆ ಸದ್ಯ ಲೈಸೆನ್ಸ್ ಇಲ್ಲ.