ಬೈಬಲಿನ ವಿವಾಹ ದೃಷ್ಟಿ: ಬಹುಪತ್ನಿತ್ವ ಮತ್ತು ಏಕಪತ್ನಿತ್ವ

ಒಬ್ಬ ಗಂಡಿಗೆ ಒಬ್ಬಳೇ ಹೆಂಡತಿ ಎಂಬುದು ಇಂದು ಯೆಹೂದ್ಯರಲ್ಲೂ ಕ್ರೈಸ್ತರಲ್ಲೂ ಬಹುಮಟ್ಟಿಗೆ ಪ್ರಶ್ನೆಯಿಲ್ಲದ ನಿಯಮ. ಆದರೆ ಎರಡನೆಯವಳನ್ನು ತರಬೇಡ ಎಂದು ಎಲ್ಲ ಗಂಡಸರಿಗೂ ನೇರವಾಗಿ ಹೇಳುವ ವಾಕ್ಯ ಬೈಬಲಿನಲ್ಲಿ ಹುಡುಕಿದರೂ ಸಿಗದು. ಹಳೆಯ ಒಡಂಬಡಿಕೆಯ ಪೂರ್ವಜರಲ್ಲಿ, ಅರಸರಲ್ಲಿ ಹಲವರಿಗೆ ಇಬ್ಬರು, ಮೂವರು, ನೂರಾರು ಹೆಂಡಿರಿದ್ದರು. ಮೋಶೆಯ ಧರ್ಮಶಾಸ್ತ್ರ ಅದನ್ನು ತಡೆಯಲಿಲ್ಲ, ಹದ್ದುಬಸ್ತಿನಲ್ಲಿಡಲು ನೋಡಿತು. ಏಕಪತ್ನಿತ್ವ ಬಂದದ್ದು ಹೊಸ ಆಜ್ಞೆಯಾಗಿ ಅಲ್ಲ. ಆದಿಕಾಂಡದ ಎರಡನೆಯ ಅಧ್ಯಾಯದ ಒಂದು ವಾಕ್ಯವನ್ನು ಬೇರೆ ಬೇರೆ ಕಾಲದವರು ಓದುತ್ತ ಬಂದ ಬಗೆಯಿಂದ.

ಪೂರ್ವಜರ ಮನೆಗಳು

ಬೈಬಲಿನಲ್ಲಿ ಇಬ್ಬರನ್ನು ಮದುವೆಯಾದ ಮೊದಲಿಗ ಕಾಯಿನನ ವಂಶದ ಲೆಮೆಕ. ತಾನು ಮಾಡಿದ ಕೊಲೆಯನ್ನು ಆದಾ, ಚಿಲ್ಲಾ ಎಂಬ ಹೆಂಡಿರ ಮುಂದೆ ಕೊಚ್ಚಿಕೊಳ್ಳುವುದು ಬಿಟ್ಟರೆ ಇವನ ಬಗ್ಗೆ ಹೆಚ್ಚಿಲ್ಲ. ಅಬ್ರಹಾಮನದು ಬೇರೆ ಕಥೆ. ಮಕ್ಕಳಾಗದ ಸಾರಾ ತಾನೇ ತನ್ನ ಐಗುಪ್ತದ ದಾಸಿ ಹಾಗರಳನ್ನು ಗಂಡನಿಗೆ ಒಪ್ಪಿಸುತ್ತಾಳೆ. ಆ ಕಾಲದ ಪಶ್ಚಿಮ ಏಷ್ಯಾಕ್ಕೆ ಇದು ಹೊಸತಲ್ಲ. ಇರಾಕಿನ ಕಿರ್ಕುಕ್ ಬಳಿಯ ನೂಜಿ ಎಂಬಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ, ಹೆಂಡತಿಗೆ ಮಕ್ಕಳಾಗದಿದ್ದರೆ ಅವಳೇ ಗಂಡನಿಗೆ ದಾಸಿಯೊಬ್ಬಳನ್ನು ತಂದುಕೊಡಬೇಕೆಂಬ ಮದುವೆಯ ಕರಾರು ಇದೆ. ಹಮ್ಮುರಬಿಯ ಕಟ್ಟಳೆಗಳಲ್ಲೂ ಇಂಥ ದಾಸಿಯ ಪ್ರಸ್ತಾಪ ಬರುತ್ತದೆ. ಹಾಗರಳಿಗೆ ಗರ್ಭ ನಿಂತ ಮೇಲೆ ಒಡತಿಯನ್ನು ಅವಳು ಲಘುವಾಗಿ ಕಂಡದ್ದು, ಕೊನೆಗೆ ಮಗನೊಡನೆ ಮರುಭೂಮಿಗೆ ಬಿದ್ದದ್ದು ಕರಾರಿನಲ್ಲಿ ಬರೆದಿಡಲಾಗದ ಸಂಗತಿಗಳು.

ಯಾಕೋಬನ ಮನೆಯನ್ನಂತೂ ಕಥೆಗಾರ ಒಳಹೊಕ್ಕು ನೋಡಿದ್ದಾನೆ. ಮಾವ ಲಾಬಾನನ ಮೋಸದಿಂದ ಅಕ್ಕ ಲೇಯಾ, ಮೋಹದಿಂದ ತಂಗಿ ರಾಹೇಲ, ಇಬ್ಬರ ಹಟದಿಂದ ದಾಸಿಯರಾದ ಬಿಲ್ಹಾ ಮತ್ತು ಜಿಲ್ಪಾ: ಹೀಗೆ ನಾಲ್ವರು. ಗೋದಿ ಕೊಯ್ಲಿನ ಕಾಲದಲ್ಲಿ ಲೇಯಾಳ ಮಗ ರೂಬೇನ ಹೊಲದಿಂದ ಕಾಮಜನಕ ಹಣ್ಣುಗಳನ್ನು ತಂದು ತಾಯಿಗೆ ಕೊಡುತ್ತಾನೆ. ಬಸಿರಾಗಲು ಅವು ನೆರವಾಗುತ್ತವೆಂಬ ನಂಬಿಕೆ. ಬಂಜೆಯೆನಿಸಿದ್ದ ರಾಹೇಲ ನನಗೂ ಕೊಡು ಅನ್ನುತ್ತಾಳೆ. ಗಂಡನನ್ನು ಕಿತ್ತುಕೊಂಡದ್ದು ಸಾಲದೇ ಎಂದು ಲೇಯಾ ಸಿಡುಕುತ್ತಾಳೆ. ಕಡೆಗೆ ಹಣ್ಣಿಗೆ ಬದಲು ಒಂದು ರಾತ್ರಿ ಎಂದು ಮಾತಾಗುತ್ತದೆ. ಸಂಜೆ ಹೊಲದಿಂದ ಬರುತ್ತಿದ್ದ ಯಾಕೋಬನನ್ನು ಲೇಯಾ ದಾರಿಯಲ್ಲೇ ತಡೆದು, ಈ ರಾತ್ರಿಗೆ ನಿನ್ನನ್ನು ಕೂಲಿ ಕೊಟ್ಟು ಗೊತ್ತು ಮಾಡಿಕೊಂಡಿದ್ದೇನೆ ಎನ್ನುತ್ತಾಳೆ. ಆಮೇಲೆ ಹುಟ್ಟಿದ ಇಸ್ಸಾಕಾರನ ಹೆಸರಿನಲ್ಲಿ ಕೂಲಿ ಎಂಬರ್ಥದ ಹೀಬ್ರೂ ಪದ ಧ್ವನಿಸುತ್ತದೆ. ಇಸ್ರಾಯೇಲಿನ ಹನ್ನೆರಡು ಕುಲಗಳು ತಮ್ಮ ಮೂಲ ಎಂದು ನಂಬಿದ್ದು ಈ ಮನೆಯನ್ನೇ.

ಸಮುವೇಲನ ತಾಯಿ ಹನ್ನಳ ಕಥೆಯಲ್ಲಿ ಗಂಡನ ಇನ್ನೊಬ್ಬ ಹೆಂಡತಿ ಪೆನಿನ್ನಳನ್ನು ಹೀಬ್ರೂ ಮೂಲ 'ತ್ಸಾರಾ' ಎನ್ನುತ್ತದೆ. ಇಂಗ್ಲಿಷ್ ಅನುವಾದಕರು ಇದಕ್ಕೆ ಎದುರಾಳಿ ಎಂಬರ್ಥದ ಪದ ಹಾಕಿ ಸುಮ್ಮನಾಗಬೇಕಾಯಿತು. ಕನ್ನಡದ 'ಸವತಿ' ಅದಕ್ಕೆ ಹೊಲಿದಿಟ್ಟಂತೆ ಹೊಂದುತ್ತದೆ. ಹೀಬ್ರೂವಿನಲ್ಲಿ ಸಂಕಟಕ್ಕೂ ಇದೇ ಉಚ್ಚಾರದ ಪದವಿದೆ. ವರ್ಷವರ್ಷವೂ ಶೀಲೋವಿನ ಜಾತ್ರೆಗೆ ಹೋದಾಗ ಬಲಿಯ ಮಾಂಸವನ್ನು ಪಾಲು ಹಾಕುವ ಹೊತ್ತಿಗೇ ಪೆನಿನ್ನ ಕೆಣಕುತ್ತಿದ್ದಳು, ಹನ್ನ ಉಣ್ಣದೆ ಅಳುತ್ತಿದ್ದಳು. ಹತ್ತು ಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ಗಂಡ ಎಲ್ಕಾನ ಕೇಳುತ್ತಾನೆ. ಹನ್ನ ಉತ್ತರಿಸಿದಳೆಂದು ಎಲ್ಲೂ ಬರೆದಿಲ್ಲ.

ಧರ್ಮಶಾಸ್ತ್ರದ ಕಟ್ಟುಪಾಡು

ಶಾಸ್ತ್ರಕಾರರಿಗೆ ಈ ಜಗಳಗಳು ಗೊತ್ತಿದ್ದವು. ದಾಸಿಯನ್ನು ಹೆಂಡತಿ ಮಾಡಿಕೊಂಡವನು ಇನ್ನೊಬ್ಬಳನ್ನು ತಂದರೆ ಮೊದಲಿನವಳ ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಮೂರನ್ನೂ ಕಡಿಮೆ ಮಾಡಕೂಡದೆಂದು ವಿಮೋಚನಾಕಾಂಡ (21:10) ವಿಧಿಸುತ್ತದೆ. ಧರ್ಮೋಪದೇಶಕಾಂಡದ ಪ್ರಕಾರ ಚೊಚ್ಚಲ ಮಗ ಒಲ್ಲದ ಹೆಂಡತಿಯವನಾದರೂ ಅವನಿಗೆ ಎರಡು ಪಾಲು ಸಲ್ಲಲೇಬೇಕು. ಮುದ್ದಿನವಳ ಮಗನಿಗೆ ಅದನ್ನು ದಾಟಿಸುವಂತಿಲ್ಲ. ಅಕ್ಕತಂಗಿಯರನ್ನು ಸವತಿಯರಾಗಿಸುವುದನ್ನು ಯಾಜಕಕಾಂಡ ನಿಷೇಧಿಸುತ್ತದೆ. ಅಂದರೆ ಯಾಕೋಬನ ಮದುವೆಯೇ ಮುಂದೆ ಶಾಸ್ತ್ರಬಾಹಿರವಾಯಿತು. ಅರಸನು ಬಹುಮಂದಿ ಹೆಂಡಿರನ್ನು ಮಾಡಿಕೊಳ್ಳಬಾರದೆಂಬ ಮಾತೂ ಇದೆ, ಸಂಖ್ಯೆಯಿಲ್ಲ. ಸೊಲೊಮೋನನಿಗೆ 700 ರಾಣಿಯರು, 300 ಉಪಪತ್ನಿಯರು ಇದ್ದರೆಂದು ಅರಸುಗಳ ಗ್ರಂಥ ಹೇಳುತ್ತದೆ. ಅಲ್ಲಿನ ಆಕ್ಷೇಪ ಸಂಖ್ಯೆಗಿಂತ ಹೆಚ್ಚಾಗಿ ಆ ಪರದೇಶದ ಹೆಂಗಸರು ತಂದ ಪರದೇವತೆಗಳ ಮೇಲೆ. ಹೆಣ್ಣಿಗೆ ಇಬ್ಬರು ಗಂಡಂದಿರು ಎಂಬುದು ಮಾತ್ರ ಎಲ್ಲೂ ಸಲ್ಲದು. ವ್ಯಭಿಚಾರದ ಅಪರಾಧವೂ ಹೆಣ್ಣು ವಿವಾಹಿತೆಯೇ ಎಂಬುದನ್ನು ನೋಡಿ ನಿರ್ಧಾರವಾಗುತ್ತಿತ್ತು, ಗಂಡಸು ವಿವಾಹಿತನೇ ಎಂಬುದನ್ನು ನೋಡಿ ಅಲ್ಲ.

ಇಬ್ಬರು ಎಂಬ ಪದ

ಬದಲಾವಣೆ ಮೊದಲು ಕಾಣುವುದು ಕರಾರುಪತ್ರಗಳಲ್ಲಿ. ಈಜಿಪ್ಟಿನ ಎಲಿಫೆಂಟೈನ್ ದ್ವೀಪದ ಯೆಹೂದ್ಯ ಸೈನಿಕರ ಕ್ರಿ.ಪೂ. 5ನೇ ಶತಮಾನದ ವಿವಾಹಪತ್ರವೊಂದರಲ್ಲಿ, ನನಗೆ ಬೇರೆ ಹೆಂಡತಿ ಇದ್ದಾಳೆಂದು ಗಂಡ ಹೇಳಿದರೆ ದಂಡ ತೆರಬೇಕೆಂಬ ಷರತ್ತಿದೆ. ಮಲಾಕಿಯ ಪ್ರವಾದಿ ಯೌವನದಲ್ಲಿ ಕೈಹಿಡಿದವಳಿಗೆ ದ್ರೋಹ ಬಗೆಯಬೇಡಿರೆಂದು ಗದರಿಸುತ್ತಾನೆ. ಮೃತ ಸಮುದ್ರದ ಸುರುಳಿಗಳ ಪಂಗಡದವರದು ಇನ್ನೂ ಬಿಗಿ. ಅವರ 'ದಮಸ್ಕ ದಸ್ತಾವೇಜು' ಗಂಡು ಹೆಣ್ಣಾಗಿ ಸೃಷ್ಟಿಸಿದ ಮಾತನ್ನೂ ನೋಹನ ನಾವೆಗೆ ಜೋಡಿ ಜೋಡಿಯಾಗಿ ಹತ್ತಿದ ಪ್ರಾಣಿಗಳನ್ನೂ ಸಾಕ್ಷಿಯಾಗಿ ಕರೆದು ಇಬ್ಬರು ಹೆಂಡಿರನ್ನು ಖಂಡಿಸುತ್ತದೆ. ಹಾಗಾದರೆ ಹಲವು ಹೆಂಡಿರಿದ್ದ ಅರಸ ದಾವೀದನ ಗತಿ? ಶಾಸ್ತ್ರದ ಪುಸ್ತಕ ಒಡಂಬಡಿಕೆಯ ಮಂಜೂಷದಲ್ಲಿ ಮುಚ್ಚಿಟ್ಟಿತ್ತು, ಅವನು ಓದಿರಲಿಲ್ಲ ಎಂಬುದು ಅದರ ಸಮಜಾಯಿಷಿ.

ಜನ ಇದನ್ನೆಲ್ಲ ಒಪ್ಪಿಬಿಟ್ಟಿರಲಿಲ್ಲ. 1961ರಲ್ಲಿ ಪುರಾತತ್ವಜ್ಞ ಯಿಗಾಯೆಲ್ ಯಾದೀನ್ ಮೃತ ಸಮುದ್ರದ ಬಳಿಯ ಗುಹೆಯೊಂದರಲ್ಲಿ ಬಾಬತಾ ಎಂಬ ಯೆಹೂದ್ಯ ವಿಧವೆಯ ಕಾಗದಪತ್ರಗಳ ಕಟ್ಟನ್ನು ಪತ್ತೆಹಚ್ಚಿದರು. ಅದರಲ್ಲಿ 131ನೇ ಇಸವಿಯದೊಂದು ಸಮನ್ಸು ಇದೆ. ಸತ್ತ ಗಂಡನ ಮನೆಯ ಸಾಮಾನನ್ನೆಲ್ಲ ಎತ್ತಿಕೊಂಡು ಹೋದಳೆಂದು ಮಿರಿಯಮ್ ಎಂಬವಳನ್ನು ಬಾಬತಾ ರೋಮನ್ ರಾಜ್ಯಪಾಲನ ಮುಂದೆ ಕರೆಸುತ್ತಾಳೆ. ಆ ಗಂಡ ಇಬ್ಬರಿಗೂ ಗಂಡ. ಅವನ ಆಸ್ತಿಯ ಗೊಡವೆಗೆ ಬರಬೇಡವೆಂದು ಮೊದಲೇ ಎಚ್ಚರಿಸಿದ್ದೆ ಎಂಬುದು ಮಿರಿಯಮಳ ಉತ್ತರ.

ಯೇಸುವಿನ ಮುಂದೆ ಫರಿಸಾಯರು ಇಟ್ಟ ಪ್ರಶ್ನೆ ವಿಚ್ಛೇದನದ್ದು, ಬಹುಪತ್ನಿತ್ವದ್ದಲ್ಲ. ಉತ್ತರಕ್ಕೆ ಆತ ಆದಿಕಾಂಡಕ್ಕೆ ಮರಳುತ್ತಾನೆ: ಗಂಡಸು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರುವನು, ಇಬ್ಬರೂ ಒಂದೇ ಶರೀರವಾಗುವರು. ಇಲ್ಲೊಂದು ಸೂಕ್ಷ್ಮವಿದೆ. ಇಂದು ಬಳಕೆಯಲ್ಲಿರುವ ಹೀಬ್ರೂ ಪಾಠದಲ್ಲಿ ಈ 'ಇಬ್ಬರು' ಇಲ್ಲ, 'ಅವರು' ಎಂದಷ್ಟೇ ಇದೆ. ಹಳೆಯ ಗ್ರೀಕ್ ಅನುವಾದ ಸೆಪ್ಟುಅಜಿಂಟಿನಲ್ಲಿ ಇದೆ. ಸುವಾರ್ತೆಗಳು ಆ ಪಾಠವನ್ನೇ ಹಿಡಿದವು. ಕ್ರೈಸ್ತ ಏಕಪತ್ನಿತ್ವದ ಭಾರವೆಲ್ಲ ಮುಂದೆ ಈ ಒಂದು ಪದದ ಮೇಲೆ ಕೂತಿತು. ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಕಟ್ಟಿಕೊಂಡವನು ಮೊದಲಿನವಳಿಗೆ ವಿರೋಧವಾಗಿ ವ್ಯಭಿಚಾರ ಮಾಡುತ್ತಾನೆಂದು ಮಾರ್ಕನ ಸುವಾರ್ತೆ ಹೇಳುವುದು ಅದಕ್ಕಿಂತ ದೊಡ್ಡ ಮಾತು. ಗಂಡ ಕೂಡ ಹೆಂಡತಿಗೆ ತಪ್ಪಿ ನಡೆಯಬಲ್ಲನೆಂದು ಅಲ್ಲಿ ಒಪ್ಪಿದಂತಾಯಿತು. ಸಭಾಧ್ಯಕ್ಷನು ಏಕಪತ್ನಿಯುಳ್ಳವನಾಗಿರಬೇಕೆಂಬ ತಿಮೊಥೆಯನ ಪತ್ರದ ಮಾತು ಬಹುಪತ್ನಿತ್ವಕ್ಕೋ ಮರುಮದುವೆಗೋ ಎಂಬ ತರ್ಕ ಇನ್ನೂ ಮುಗಿದಿಲ್ಲ.

ಸಭೆ, ರಬ್ಬಿಗಳು, ಅರಸರು

ಕ್ರೈಸ್ತ ಸಭೆ ಬೆಳೆದ ಗ್ರೀಕ್-ರೋಮನ್ ನೆಲದಲ್ಲಿ ಕಾನೂನುಬದ್ಧ ಹೆಂಡತಿ ಒಬ್ಬಳೇ. ಪೂರ್ವಜರನ್ನು ಸಮರ್ಥಿಸುವ ಕೆಲಸ ದೇವಶಾಸ್ತ್ರಜ್ಞ ಆಗಸ್ಟೀನನ ಪಾಲಿಗೆ ಬಂತು: ಅವರದು ಸಂತಾನಕ್ಕಾಗಿ, ಆಗ ಅದು ವಾಡಿಕೆ, ಆದ್ದರಿಂದ ಪಾಪವಲ್ಲ. 393ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಯೆಹೂದ್ಯರಿಗೂ ಬಹುಪತ್ನಿತ್ವವನ್ನು ನಿಷೇಧಿಸಿದ. ಯೆಹೂದ್ಯರೊಳಗೆ ರಬ್ಬಿಗಳ ಕಟ್ಟಳೆಗಳ ಸಂಗ್ರಹವಾದ ಮಿಷ್ನಾ ಗ್ರಂಥ ಅದನ್ನು ಶಾಸ್ತ್ರಸಮ್ಮತವೆಂದೇ ಹಿಡಿದು, ನಾಲ್ವರು ಹೆಂಡಿರನ್ನು ಬಿಟ್ಟು ಸತ್ತವನ ಆಸ್ತಿಯಲ್ಲಿ ಯಾರಿಗೆ ಮೊದಲ ಹಕ್ಕು ಎಂಬುದನ್ನು ಲೆಕ್ಕ ಹಾಕುತ್ತದೆ. ಸುಮಾರು 1000ದ ಹೊತ್ತಿಗೆ ಜರ್ಮನಿಯ ಮೈನ್ಸ್ ನಗರದ ರಬ್ಬಿ ಗೆರ್ಷೋಮರ ಹೆಸರಿನಲ್ಲಿ ಬಂದ ಬಹಿಷ್ಕಾರದ ಕಟ್ಟಳೆ ಯೂರೋಪಿನ ಅಶ್ಕೆನಾಜಿ ಯೆಹೂದ್ಯರಲ್ಲಿ ಅದಕ್ಕೆ ತೆರೆ ಎಳೆಯಿತು. ಯೆಮೆನಿನ ಯೆಹೂದ್ಯರಿಗೆ ಅದು ತಟ್ಟಲಿಲ್ಲ. 1949-50ರಲ್ಲಿ ಇಸ್ರೇಲಿಗೆ ವಲಸೆ ಬಂದ ಕೆಲವರು ಇಬ್ಬರು ಹೆಂಡಿರೊಡನೆಯೇ ಬಂದಿಳಿದರು.

ಬೈಬಲನ್ನು ತಾವೇ ಓದಿ ನಿರ್ಧರಿಸುತ್ತೇವೆಂದ ಸುಧಾರಕರ ಕಾಲದಲ್ಲಿ ಪ್ರಶ್ನೆ ಮತ್ತೆ ಎದ್ದದ್ದು ಸಹಜ. 1534ರಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಮ್ಯೂನ್‌ಸ್ಟರ್ ನಗರದಲ್ಲಿ ಅನಾಬಾಪ್ಟಿಸ್ಟರೆಂಬ ಉಗ್ರ ಸುಧಾರಕ ಪಂಗಡದವರು ಪೂರ್ವಜರ ಮಾದರಿಯೆಂದು ಬಹುಪತ್ನಿತ್ವವನ್ನು ಹೇರಿದರು. ಹೆಸ್ಸೆಯ ದೊರೆ ಫಿಲಿಪ್ ಎರಡನೆಯ ಮದುವೆಗೆ ಸುಧಾರಕರಾದ ಲೂಥರ್ ಮತ್ತು ಮೆಲಾಂಕ್ಟನ್‌ರ ಗುಟ್ಟಿನ ಒಪ್ಪಿಗೆ ಪಡೆದು 1540ರಲ್ಲಿ ಮದುವೆಯಾದ. ಗುಟ್ಟು ರಟ್ಟಾದಾಗ ಲೂಥರ್ ಸುಳ್ಳು ಹೇಳಿ ಮುಚ್ಚಿಹಾಕಲು ಸಲಹೆ ಕೊಟ್ಟದ್ದು ಅವರ ಅಭಿಮಾನಿಗಳಿಗೂ ಮುಜುಗರದ ಪ್ರಸಂಗ. ಕ್ಯಾಥೊಲಿಕ್ ಸಭೆಯ ಟ್ರೆಂಟ್ ಪರಿಷತ್ತು 1563ರಲ್ಲಿ ಬಹುಪತ್ನಿತ್ವ ಸಲ್ಲುತ್ತದೆ ಎನ್ನುವವರಿಗೆ ಶಾಪ ಹಾಕಿತು. ಅಮೆರಿಕದ ಮಾರ್ಮನ್ನರು 1852ರಲ್ಲಿ ಬಹಿರಂಗವಾಗಿ ಸಾರಿದ ಬಹುಪತ್ನಿತ್ವವನ್ನು 1890ರಲ್ಲಿ ಸರ್ಕಾರದ ಒತ್ತಡಕ್ಕೆ ಮಣಿದು ಕೈಬಿಟ್ಟರು.

ಭಾರತದಲ್ಲಿ 1872ರ ಕ್ರೈಸ್ತ ವಿವಾಹ ಕಾಯ್ದೆ ದೇಶೀ ಕ್ರೈಸ್ತರ ಮದುವೆಗೆ ವಧುವರರಿಬ್ಬರಿಗೂ ಜೀವಂತ ಸಂಗಾತಿ ಇರಬಾರದೆಂಬ ಷರತ್ತು ಹಾಕಿತು. ಹಿಂದೂಗಳಿಗೆ ದೇಶವ್ಯಾಪಿಯಾಗಿ ಅಂಥದೇ ಕಾಯ್ದೆ ಬಂದದ್ದು 1955ರಲ್ಲಿ.

ಆಫ್ರಿಕದಲ್ಲಿ ಸಮಸ್ಯೆ ಹೆಚ್ಚು ಗಂಭೀರವಾಗಿತ್ತು. ಮೂವರು ಹೆಂಡಿರಿದ್ದವನು ಕ್ರೈಸ್ತನಾಗಬಯಸಿದರೆ ಯಾವ ಇಬ್ಬರನ್ನು ಮನೆಯಿಂದ ಹೊರಹಾಕಬೇಕು? ಹಾಗೆ ಬಲವಂತ ಮಾಡುವುದು ಅನ್ಯಾಯವೆಂದು ನಟಾಲ್‌ನ ಬಿಷಪ್ ಕೊಲೆನ್ಸೊ 19ನೇ ಶತಮಾನದ ನಡುವಿನಲ್ಲೇ ವಾದಿಸಿದ್ದರು. 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು ಅಂಥ ಗಂಡಸರಿಗೆ ದೀಕ್ಷಾಸ್ನಾನ ಇಲ್ಲವೆಂದರು. ಅವರ ಹೆಂಡಿರಿಗೆ ಕೆಲವು ಸಂದರ್ಭಗಳಲ್ಲಿ ಕೊಡಬಹುದೆಂದರು. ಸರಿಯಾಗಿ ನೂರು ವರ್ಷದ ಮೇಲೆ, 1988ರಲ್ಲಿ, ಅದೇ ಸಮ್ಮೇಳನ ಗಂಡನನ್ನೂ ಸೇರಿಸಿಕೊಳ್ಳಲು ಒಪ್ಪಿತು. ಸ್ಥಳೀಯ ಸಭೆ ಒಪ್ಪಬೇಕು, ಇರುವ ಹೆಂಡಿರಲ್ಲಿ ಒಬ್ಬಳಾದರೂ ಬದುಕಿರುವವರೆಗೆ ಅವನು ಮತ್ತೆ ಮದುವೆಯಾಗಬಾರದು. ಮತ್ತು ಬೀದಿಪಾಲಾಗುವ ಹೆಂಗಸರ ಕಷ್ಟ ನೆನೆದು, ಯಾರನ್ನೂ ಬಿಡುವಂತೆ ಅವನನ್ನು ಒತ್ತಾಯಿಸಬಾರದು.